ಫ್ಲೈ ಗಾಳದ ಲೈನ್ ಬದಲಿಸುವ ಮುನ್ನ: ಕಾಸರಗೋಡಿನ ಹೊಳೆಗಳಿಗೆ ಹೊಂದುವ ಉತ್ತರಗಳು

ಕಾಸರಗೋಡು ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳು ಹರಿದು ಕಡಲು ಸೇರುತ್ತವೆ. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿಗಳಿಂದ ಹಿಡಿದು ದಕ್ಷಿಣದ ತೇಜಸ್ವಿನಿಯವರೆಗೆ, ಅಳಿವೆಯ ಸಮೀಪ ಫ್ಲೈ ಗಾಳ ಬೀಸುವ ಕನ್ನಡಿಗರು ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ಹೆಚ್ಚಿನವರು ರಾಡ್, ರೀಲ್, ಲೈನ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬರುವ ಸೆಟ್ಟಿನಿಂದ ಆರಂಭಿಸಿದವರು. ವರ್ಷ ಕಳೆಯುವಷ್ಟರಲ್ಲಿ ಲೈನ್ ಬದಲಿಸಬೇಕೇ, ಬದಲಿಸುವುದಾದರೆ ಯಾವುದನ್ನು ಕೊಳ್ಳಬೇಕು ಎಂದು ಕೇಳತೊಡಗುತ್ತಾರೆ. ಅಂಥವರಿಗಾಗಿ ಈ ಬರಹ.

ಲೈನ್ ಬದಲಿಸುವುದಕ್ಕಿಂತ ಒಳ್ಳೆಯ ರಾಡ್ ಕೊಳ್ಳುವುದು ಮೇಲಲ್ಲವೇ?

ಅಲ್ಲ. ಹಣ ಒಂದಕ್ಕೇ ಸಾಕಾಗುವಷ್ಟಿದ್ದರೆ ಮೊದಲು ಲೈನ್ ಕೊಳ್ಳಿ. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡಿನ ಅಥವಾ ಕೃತಕ ಮೀನಿನ ಭಾರ ಮುಂದೆ ಹಾರುತ್ತದೆ, ತೆಳು ದಾರ ಅದರ ಹಿಂದೆ ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂಬುದು ರೋಮ, ರೆಕ್ಕೆಪುಕ್ಕ, ದಾರ ಸುತ್ತಿದ ಕೊಕ್ಕೆ. ದೂರ ಹೋಗುವ ಭಾರ ಅದಕ್ಕಿಲ್ಲ. ಇಲ್ಲಿ ಭಾರವಿರುವುದು ಲೈನಿನಲ್ಲಿ. ರಾಡನ್ನು ಬಗ್ಗಿಸುವುದೂ, ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಾ ಫ್ಲೈಯನ್ನು ಹೊತ್ತೊಯ್ಯುವುದೂ ಲೈನೇ. ಸಾಧಾರಣ ರಾಡಿಗೆ ಸರಿಯಾದ ಲೈನ್ ಹಾಕಿ ಬೀಸಿದಾಗ ಅದು ಚೆನ್ನಾಗಿಯೇ ಕೆಲಸ ಮಾಡುವುದನ್ನು ನೋಡಿದ್ದೇನೆ. ದುಬಾರಿ ರಾಡಿಗೆ ಕೆಟ್ಟ ಲೈನ್ ಸುತ್ತಿದವರು ಮಾತ್ರ ತಮ್ಮ ಕೈಯಲ್ಲೇ ದೋಷವಿದೆ ಎಂದುಕೊಂಡು ಕೊರಗುತ್ತಾರೆ. ಆ ಕೊರಗು ಅನಗತ್ಯ.

ಹಳೆಯ ಲೈನ್ ನಿಜಕ್ಕೂ ಕೆಟ್ಟಿದೆಯೇ ಎಂದು ಹೇಗೆ ತಿಳಿಯುವುದು?

ಮೊದಲು ತೊಳೆದು ನೋಡಿ. ಕೆಟ್ಟಿದೆ ಎಂದು ಮೂಲೆಗೆ ಬಿದ್ದ ಎಷ್ಟೋ ಲೈನ್‌ಗಳಲ್ಲಿ ಇರುವುದು ಬರಿಯ ಕೊಳೆ: ಉಪ್ಪು, ಹೊಳೆಯ ಪಾಚಿ, ಮರಳಿನ ಹುಡಿ. ತೊಳೆದು ಒರಸಿದ ಮೇಲೂ ತುದಿಯ ಒಂದೆರಡು ಮೀಟರ್ ತೇಲದೆ ಮುಳುಗಿದರೆ, ಬೆರಳಾಡಿಸಿದಾಗ ಹೊದಿಕೆಯಲ್ಲಿ ಸಣ್ಣ ಸಣ್ಣ ಬಿರುಕುಗಳು ತಗುಲಿದರೆ, ಕೆಲವೆಡೆ ಹೊದಿಕೆ ಕಿತ್ತು ಒಳದಾರ ಕಾಣಿಸಿದರೆ ಆ ಲೈನಿನ ಕಾಲ ಮುಗಿಯಿತು. ಬಿರುಕಿನಿಂದ ನೀರು ಒಳದಾರಕ್ಕೆ ಇಳಿಯುತ್ತದೆ, ಮತ್ತೆ ಅದು ತೇಲುವುದಿಲ್ಲ. ಮೇಣದಂಥ ಪದಾರ್ಥ ಹಚ್ಚಿ ಒಂದೆರಡು ದಿನ ದೂಡಬಹುದು, ಅಷ್ಟೇ.

ಬಿರುಕಿಲ್ಲದಿದ್ದರೂ ಲೈನ್ ಸ್ಪ್ರಿಂಗಿನಂತೆ ಸುರುಳಿ ಬಿಟ್ಟುಕೊಡದಿದ್ದರೆ, ಇನ್ನೊಬ್ಬರ ಸಹಾಯದಿಂದ ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆಯಿರಿ. ಹೆಚ್ಚಿನ ಸುರುಳಿ ಇದರಿಂದಲೇ ಹೋಗುತ್ತದೆ. ತಿರುಚಿಕೊಂಡಿದ್ದರೆ ಫ್ಲೈ ಬಿಚ್ಚಿ, ಬರಿಯ ಲೈನನ್ನು ಹರಿವ ನೀರಿಗೆ ಅಥವಾ ದೋಣಿಯ ಹಿಂದೆ ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಮರಳಿ ಸುತ್ತಿಕೊಳ್ಳಿ.

ಡಬ್ಬಿಯ ಮೇಲೆ ‘ಡಬ್ಲ್ಯು ಎಫ್ 8 ಎಫ್’ ಎಂದಿದೆ. ಏನಿದು?

ಮೊದಲ ಎರಡು ಅಕ್ಷರ ಆಕಾರವನ್ನು ಹೇಳುತ್ತವೆ: ವೇಟ್ ಫಾರ್ವರ್ಡ್, ಅಂದರೆ ಭಾರ ಮುಂಭಾಗದಲ್ಲಿದೆ, ಹಿಂದೆ ತೆಳುವಾದ ಓಡುವ ಲೈನ್ ಇದೆ. ಡಿ ಟಿ ಎಂದಿದ್ದರೆ ಡಬಲ್ ಟೇಪರ್. ಎರಡೂ ತುದಿ ಒಂದೇ ರೀತಿ ಸಪೂರವಾಗಿರುತ್ತವೆ, ಒಂದು ತುದಿ ಸವೆದ ಮೇಲೆ ತಿರುಗಿಸಿ ಸುತ್ತಿಕೊಳ್ಳಬಹುದು. ಕೊನೆಯ ಎಫ್ ತೇಲುವ ಲೈನಿನ ಗುರುತು, ಐ ಇಂಟರ್‌ಮೀಡಿಯೇಟ್, ಎಸ್ ಮುಳುಗುವಂಥದ್ದು.

ನಡುವಿನ ಸಂಖ್ಯೆಯೇ ಮುಖ್ಯ. ಹಿಂದೆ ರೇಷ್ಮೆಯ ಲೈನ್‌ಗಳಿದ್ದಾಗ ದಪ್ಪವನ್ನು ಅಕ್ಷರಗಳಿಂದ ಸೂಚಿಸುತ್ತಿದ್ದರು. ನೈಲಾನ್, ಡೇಕ್ರಾನ್, ಪ್ಲಾಸ್ಟಿಕ್ ಹೊದಿಕೆಗಳು ಬಂದ ಮೇಲೆ ಒಂದೇ ದಪ್ಪದ ಎರಡು ಲೈನ್‌ಗಳ ತೂಕ ಬೇರೆ ಬೇರೆಯಾಗತೊಡಗಿತು, ಅಕ್ಷರಗಳಿಗೆ ಅರ್ಥವೇ ಉಳಿಯಲಿಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ತಯಾರಕರ ಸಂಘ ತೂಕವನ್ನೇ ಆಧಾರವಾಗಿಟ್ಟುಕೊಂಡು ಸಂಖ್ಯೆ ನಿಗದಿಮಾಡಿತು. ತುದಿಯ ಮೊದಲ 30 ಅಡಿ, ಅಂದರೆ ಸುಮಾರು 9 ಮೀಟರ್ ಎಷ್ಟು ತೂಗುತ್ತದೆ ಎಂಬುದೇ ಲೆಕ್ಕ. 6ನೇ ಸಂಖ್ಯೆಗೆ 160 ಗ್ರೇನ್, 7ಕ್ಕೆ 185, 8ಕ್ಕೆ 210, 9ಕ್ಕೆ 240, 10ಕ್ಕೆ 280. ಗ್ರಾಮಿನಲ್ಲಿ ಹೇಳುವುದಾದರೆ 8ನೆಯದು ಹದಿಮೂರೂವರೆ ಗ್ರಾಂ ಆಸುಪಾಸು. ರಾಡಿನ ಹಿಡಿಗಿಂತ ಸ್ವಲ್ಪ ಮೇಲೆಯೂ ಇದೇ ಸಂಖ್ಯೆ ಬರೆದಿರುತ್ತದೆ, ಎರಡೂ ಹೊಂದಬೇಕು.

ರಾಡಿನ ಸಂಖ್ಯೆಗಿಂತ ಒಂದು ಹೆಚ್ಚಿನದನ್ನು ಹಾಕಿದರೆ ಸುಲಭವಾಗುತ್ತದೆ ಎನ್ನುತ್ತಾರೆ, ನಿಜವೇ?

ಅರ್ಧ ನಿಜ. ಇತ್ತೀಚಿನ ರಾಡ್‌ಗಳು ಬಿಗಿಯಾಗಿರುವುದರಿಂದ, ಹತ್ತಿರಕ್ಕೆ ಬೀಸುವವರಿಗೆ ತುಸು ಹೆಚ್ಚು ಭಾರ ಹಿತವೆನಿಸುತ್ತದೆ. ಅದಕ್ಕೆಂದೇ ಅನೇಕ ಕಂಪನಿಗಳು ಡಬ್ಬಿಯ ಮೇಲೆ 8 ಎಂದು ಬರೆದರೂ ಲೈನನ್ನು ಅರ್ಧ ಸಂಖ್ಯೆಯಷ್ಟೋ ಪೂರ್ತಿ ಒಂದು ಸಂಖ್ಯೆಯಷ್ಟೋ ಭಾರವಾಗಿ ಮಾಡುತ್ತವೆ. ಅದರ ಮೇಲೆ ನೀವೂ ಒಂದು ಏರಿಸಿದರೆ ರಾಡ್ ಎರಡು ಸಂಖ್ಯೆಯಷ್ಟು ಹೊರೆ ಹೊರಬೇಕಾಗುತ್ತದೆ. ಡಬ್ಬಿಯ ಹಿಂಬದಿಯಲ್ಲಿ ಗ್ರೇನ್ ಲೆಕ್ಕ ಅಚ್ಚಾಗಿರುತ್ತದೆ. ಮುಂಭಾಗದ ಸಂಖ್ಯೆಗಿಂತ ಅದನ್ನು ನಂಬಿ.

‘ಟ್ರಾಪಿಕಲ್’ ಎಂದು ಬರೆದ ಲೈನೇ ಬೇಕೇ? ಅದು ಬರಿಯ ಮಾರಾಟದ ಮಾತಲ್ಲವೇ?

ಬೇಕೇ ಬೇಕು. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಫ್ಲೈ ಲೈನಿಗೆ ಎರಡು ಭಾಗ: ಒಳದಾರ ಮತ್ತು ಹೊರಹೊದಿಕೆ. ಹೊದಿಕೆ ಸಾಮಾನ್ಯವಾಗಿ ಪಿವಿಸಿ. ವೇಲ್ಸ್ ದೇಶದ ಏರ್‌ಫ್ಲೋದಂಥ ಕಂಪನಿ ಪಾಲಿಯುರಿಥೇನ್ ಬಳಸುವುದುಂಟು. ಪಿವಿಸಿ ತನ್ನಷ್ಟಕ್ಕೆ ಗಟ್ಟಿ. ಅದನ್ನು ಮೆತ್ತಗೆ ಇಡಲು ಪ್ಲಾಸ್ಟಿಸೈಜರ್ ಬೆರೆಸುತ್ತಾರೆ, ತೇಲುವಂತೆ ಮಾಡಲು ಕಣ್ಣಿಗೆ ಕಾಣದಷ್ಟು ಸಣ್ಣ ಟೊಳ್ಳು ಗಾಜಿನ ಗುಳಿಗೆಗಳನ್ನು ಸೇರಿಸುತ್ತಾರೆ. ಅಮೆರಿಕ, ಯುರೋಪಿನ ಟ್ರೌಟ್ ಮೀನಿನ ಹೊಳೆಗಳಲ್ಲಿ ನೀರು ಹತ್ತು ಹದಿನೈದು ಡಿಗ್ರಿ ಸೆಲ್ಸಿಯಸ್ಸಿನಷ್ಟು ತಣ್ಣಗಿರುತ್ತದೆ. ಅಲ್ಲಿಗೆಂದು ಮಾಡಿದ ಲೈನಿನ ಒಳದಾರ ಹೆಣೆದ ಮೆದು ನೈಲಾನಿನದು, ಹೊದಿಕೆಯೂ ಮೆತ್ತಗೆ. ಇಲ್ಲದಿದ್ದರೆ ಚಳಿಗೆ ಅದು ತಂತಿಯಂತೆ ಸೆಟೆದುಕೊಳ್ಳುತ್ತದೆ. ಇದೇ ಲೈನನ್ನು ಮಾರ್ಚ್ ತಿಂಗಳ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಮೊಗ್ರಾಲ್ ಹೊಳೆಯ ದಂಡೆಗೆ ತನ್ನಿ. ಬಾಡಿದ ಬಸಳೆ ಬಳ್ಳಿಯ ಹಾಗೆ ಸೋತುಬಿಡುತ್ತದೆ. ಕೈಗೆ ಅಂಟುತ್ತದೆ, ರಾಡಿನ ಉಂಗುರಗಳಲ್ಲಿ ಜಾರುವುದಿಲ್ಲ, ಉಂಗುರಗಳ ನಡುವೆ ಜೋತುಬಿದ್ದು ಉಜ್ಜಿಕೊಂಡು ನಿಲ್ಲುತ್ತದೆ. ಬೀಸಿದ ಬಲವೆಲ್ಲ ಅಲ್ಲೇ ಕರಗಿಹೋಗುತ್ತದೆ.

ಟ್ರಾಪಿಕಲ್, ಅಂದರೆ ಬಿಸಿ ನೀರಿನ ಲೈನಿಗೆ ಒಳದಾರವಾಗಿ ಒಂಟಿ ಎಳೆಯ ಅಥವಾ ಹೆಣೆದ ಮಾನೊಫಿಲಮೆಂಟ್ ಇರುತ್ತದೆ, ಹೊದಿಕೆಯೂ ಗಡುಸು. ಹವೆ 35 ಡಿಗ್ರಿ ಮುಟ್ಟಿದರೂ ಅದು ಬಿಗಿಯಾಗಿಯೇ ಇರುತ್ತದೆ. ತಯಾರಕರು ಸಾಮಾನ್ಯವಾಗಿ 24 ಡಿಗ್ರಿ ದಾಟಿದ ಹವೆಗೆ ಇಂಥ ಲೈನನ್ನು ಸೂಚಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಆ ಅಂಕೆಗಿಂತ ಕೆಳಗಿಳಿಯುವುದು ಹೆಚ್ಚಾಗಿ ಚಳಿಗಾಲದ ಮುಂಜಾವುಗಳಲ್ಲಿ. ಆ ಹೊತ್ತಿನಲ್ಲಿ ಟ್ರಾಪಿಕಲ್ ಲೈನ್ ತುಸು ಸುರುಳಿ ಹಿಡಿದೀತು. ಎಳೆದು ನೇರ ಮಾಡಿದರೆ ಸಾಕು.

ಸೆಟ್ಟಿನ ಜೊತೆ ಬರುವ ಲೈನ್‌ಗಳು ಬಹುಪಾಲು ತಣ್ಣೀರಿನವು. ಆರಂಭಿಸಿದವರಲ್ಲಿ ಎಷ್ಟೋ ಮಂದಿ ಈ ವಿದ್ಯೆಯನ್ನೇ ಬಿಟ್ಟುಬಿಡಲು ಈ ಒಂದು ಸಂಗತಿಯೇ ಕಾರಣ ಎಂದು ನಾನು ನಂಬಿದ್ದೇನೆ. ಮಧ್ಯಮ ಬೆಲೆಯ ಟ್ರಾಪಿಕಲ್ ಲೈನ್, ಅತಿ ದುಬಾರಿಯ ಟ್ರೌಟ್ ಲೈನಿಗಿಂತ ನಮ್ಮ ಹೊಳೆಯಲ್ಲಿ ಎಷ್ಟೋ ಮೇಲು.

ಹಿಂದೆ ತೆಂಗಿನ ತೋಟ, ಪಕ್ಕದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಹಿಂದಕ್ಕೆ ಬೀಸಲು ಜಾಗವೇ ಇಲ್ಲ. ಇದಕ್ಕೆ ಲೈನಿನಲ್ಲಿ ಪರಿಹಾರವಿದೆಯೇ?

ಇದೆ, ಟೇಪರಿನಲ್ಲಿ, ಅಂದರೆ ಲೈನಿನ ದಪ್ಪ ಏರಿಳಿಯುವ ರೀತಿಯಲ್ಲಿ. ವೇಟ್ ಫಾರ್ವರ್ಡ್ ಲೈನ್‌ಗಳಲ್ಲೂ ಮುಂದಿನ ಭಾರದ ಭಾಗ, ಅಂದರೆ ಹೆಡ್, ಎಷ್ಟು ಉದ್ದವಿದೆ ಎಂಬುದು ಬೇರೆ ಬೇರೆ. ಉದ್ದ ಹೆಡ್ಡಿನವು 12 ಮೀಟರಿಗೂ ಮಿಕ್ಕಿರುತ್ತವೆ. ಬಯಲಿನಲ್ಲಿ ನಿಂತು ದೂರಕ್ಕೆ ಬೀಸುವವರಿಗೆ ಅವು ಚೆನ್ನ. ಚಂದ್ರಗಿರಿಯ ದಂಡೆಯಲ್ಲಿ, ತೆಂಗಿನ ಸಾಲಿಗೆ ಬೆನ್ನು ಕೊಟ್ಟು ನಿಂತವರಿಗೆ ಬೇಕಾದದ್ದು 9 ಮೀಟರಿನ ಆಸುಪಾಸಿನ ಗಿಡ್ಡ ಹೆಡ್, ಅದರ ಭಾರವೂ ತುದಿಯ ಕಡೆಗೇ ಹೆಚ್ಚು ಇರುವಂಥದ್ದು. ಹಿಂದೆ ಸ್ವಲ್ಪವೇ ಲೈನ್ ಬಿಟ್ಟರೂ ರಾಡ್ ಬಗ್ಗುತ್ತದೆ, ಒಂದೇ ಬೀಸಿನಲ್ಲಿ ಮುಂದೆ ಹೋಗುತ್ತದೆ. ದೊಡ್ಡ, ಗಾಳಿಗೆ ಅಡ್ಡ ನಿಲ್ಲುವ ಫ್ಲೈಗಳನ್ನು ತಿರುಗಿಸಿ ಹಾಕುವುದಕ್ಕೂ ಇದೇ ಅನುಕೂಲ. ಮಧ್ಯಾಹ್ನದ ಮೇಲೆ ಕಡಲಿನಿಂದ ಬೀಸುವ ಪಡುಗಾಳಿಗೆ ಎದುರಾಗಿ ಫ್ಲೈ ಹಾಕಬೇಕಾದವರಿಗೆ ಇದರ ಬೆಲೆ ತಿಳಿದಿದೆ.

ಹಿಂದಕ್ಕೆ ಒಂದಿಷ್ಟೂ ಜಾಗವಿಲ್ಲದಿದ್ದರೆ ರೋಲ್ ಕಾಸ್ಟ್ ಕಲಿಯಲೇಬೇಕು. ಲೈನನ್ನು ನೀರಿನ ಮೇಲೇ ಎಳೆದು, ರಾಡನ್ನು ಕಿವಿಯ ಹಿಂದಕ್ಕೆ ತಂದು, ಮುಂದಕ್ಕೆ ಒತ್ತಿ ನಿಲ್ಲಿಸುವುದು. ಗಿಡ್ಡ ಹೆಡ್ಡಿನ ಲೈನಿನಲ್ಲಿ ಹೆಡ್ ಪೂರ್ತಿ ಹೊರಬಿದ್ದ ಮೇಲೆ ರೋಲ್ ಕಾಸ್ಟ್ ಸೊರಗುತ್ತದೆ, ಏಕೆಂದರೆ ತೆಳುವಾದ ಓಡುವ ಲೈನ್ ದಪ್ಪ ಹೆಡ್ಡನ್ನು ಹೊರಳಿಸಲಾರದು. ಹಾಗಾಗಿ ಕಿರಿದಾದ ತೋಡುಗಳಲ್ಲಿ, ಹತ್ತು ಮೀಟರ್ ಒಳಗಷ್ಟೇ ಬೀಸುವವರು ಡಬಲ್ ಟೇಪರ್ ಇಟ್ಟುಕೊಂಡರೂ ನನ್ನ ಆಕ್ಷೇಪವಿಲ್ಲ.

ಬೀಸುವ ಅಭ್ಯಾಸಕ್ಕೆ ನಮ್ಮಲ್ಲಿ ಒಂದು ಭಾಗ್ಯವಿದೆ. ಮಳೆಗಾಲ ಕಳೆದ ಮೇಲೆ ತೋಡುಗಳಿಗೆ ಕಟ್ಟ ಕಟ್ಟುವ ಪದ್ಧತಿ ಏತಡ್ಕದಂಥ ಕಡೆಗಳಲ್ಲಿ ಇನ್ನೂ ಜೀವಂತವಾಗಿದೆ. ಕಟ್ಟದ ಹಿಂದೆ ನಿಂತ ನೀರು ರೋಲ್ ಕಾಸ್ಟ್ ಕಲಿಯಲು ಹೇಳಿ ಮಾಡಿಸಿದ ಜಾಗ. ತೋಟದ ಯಜಮಾನರನ್ನು ಕೇಳಿಯೇ ಇಳಿಯಿರಿ. ಕೊಕ್ಕೆಯಿಲ್ಲದೆ, ಲೀಡರ್ (ಲೈನಿಗೂ ಫ್ಲೈಗೂ ನಡುವೆ ಕಟ್ಟುವ ತೆಳು ದಾರ) ತುದಿಗೆ ಉಣ್ಣೆಯ ತುಣುಕು ಕಟ್ಟಿ ಬೀಸಿದರೆ ಸಾಕು.

ತೇಲುವ ಲೈನೋ, ಮುಳುಗುವುದೋ?

ಒಂದೇ ಕೊಳ್ಳುವುದಾದರೆ ತೇಲುವುದು. ಎತ್ತಿ ಮತ್ತೆ ಬೀಸಲು ಸುಲಭ, ಕಣ್ಣಿಗೆ ಕಾಣುತ್ತದೆ, ಕಲಿಯುವವರ ಕೈಗೆ ಬೇಗ ಒಗ್ಗುತ್ತದೆ.

ಎರಡನೆಯದನ್ನು ಕೊಳ್ಳುವ ಹೊತ್ತಿಗೆ ಇಂಟರ್‌ಮೀಡಿಯೇಟ್ ತೆಗೆದುಕೊಳ್ಳಿ. ಅದು ಸೆಕೆಂಡಿಗೆ ನಾಲ್ಕೈದು ಸೆಂಟಿಮೀಟರಿನಷ್ಟು ನಿಧಾನವಾಗಿ ಇಳಿಯುತ್ತದೆ. ಅಳಿವೆಯ ಬಳಿ ಇಳಿತದ ಹೊತ್ತಿನಲ್ಲಿ ಕಾಂಡ್ಲಾದೊಳಗಿಂದ ಕಿರುಮೀನು, ಸಿಗಡಿಗಳು ನೀರಿನ ಜೊತೆ ಹೊರಬರುತ್ತವೆ, ಕೆಂಬೇರಿ ಮತ್ತು ಕಾಳಾಂಜಿ ಮೀನುಗಳು ತೋಡಿನ ಬಾಯಲ್ಲಿ ಅವುಗಳಿಗಾಗಿ ಕಾಯುತ್ತವೆ. ಮೇಲ್ಮೈಯಲ್ಲಿ ಗಾಳಿ, ಕಸ, ತೇಲುವ ಕಳೆ ಇರುವುದರಿಂದ ಅದರ ಕೆಳಗೆ ಒಂದು ಗೇಣು ಒಂದೂವರೆ ಗೇಣು ಇಳಿದು ಸಾಗುವ ಫ್ಲೈಗೆ ಹೆಚ್ಚಿನ ಅವಕಾಶ. ಸೆಕೆಂಡಿಗೆ ಹದಿನೈದು ಸೆಂಟಿಮೀಟರ್ ಇಳಿಯುವ ವೇಗದ ಲೈನ್‌ಗಳೂ ಇವೆ. ಸೇತುವೆಯ ಕೆಳಗಿನ ಆಳದ ಹರಿವಿಗೆ ಬಿಟ್ಟರೆ ನಮ್ಮ ಹೊಳೆಗಳಲ್ಲಿ ಅವುಗಳಿಗೆ ಕೆಲಸ ಕಡಿಮೆ. ಬೇರುಗಳ ನಡುವೆ ಸಿಕ್ಕಿಹಾಕಿಕೊಳ್ಳುವುದೇ ಹೆಚ್ಚು.

ಯಾವ ಸಂಖ್ಯೆಯಿಂದ ಆರಂಭಿಸಲಿ?

ಅಳಿವೆಗೆ 8. ಕಾಳಾಂಜಿ ದೊಡ್ಡದಿರುವ ಕಡೆ 9. ಕೆರೆ, ಗದ್ದೆಯ ಬದಿಯ ಹೊಂಡಗಳ ಮಡಂಜಿ ಮೀನಿಗೆ 7 ಅಥವಾ 8. ಮೀನು ಚಿಕ್ಕದಿರಬಹುದು, ಆದರೆ ಕಪ್ಪೆಯಾಕಾರದ ಫ್ಲೈಯನ್ನು ತಾವರೆ ಎಲೆಗಳ ನಡುವೆ ಹಾಕಿ ಮೀನನ್ನು ಕಳೆಯಿಂದ ಎಳೆದು ತೆಗೆಯಲು ಬಲ ಬೇಕು. 5ನೇ ಸಂಖ್ಯೆಯ ಟ್ರೌಟ್ ಸೆಟ್ಟನ್ನು ಕಾಂಡ್ಲಾದ ಕೆಂಬೇರಿಗೆ ಒಯ್ಯಬೇಡಿ. ಗಾಳಕ್ಕೆ ಬಿದ್ದ ಕೂಡಲೇ ಅದು ಬೇರಿನೊಳಗೆ ನುಗ್ಗುತ್ತದೆ. ಹಗುರ ಸೆಟ್ಟಿನಲ್ಲಿ ಅದನ್ನು ತಡೆಯಲಾಗುವುದಿಲ್ಲ. ಬಾಯಲ್ಲಿ ಕೊಕ್ಕೆ ಹೊತ್ತು ಮೀನು ನರಳುವುದಷ್ಟೇ ಉಳಿಯುತ್ತದೆ.

ಬೆಲೆ ಎಷ್ಟಾದೀತು? ಅಗ್ಗದ ಲೈನ್ ಬೇಡವೇ?

ಹೆಸರಾಂತ ಕಂಪನಿಗಳಾದ ಸೈಂಟಿಫಿಕ್ ಆಂಗ್ಲರ್ಸ್, ರಿಯೋ, ಏರ್‌ಫ್ಲೋ, ಕಾರ್ಟ್‌ಲ್ಯಾಂಡ್ ಇವುಗಳ ಲೈನ್ ಅಮೆರಿಕದಲ್ಲಿ ಸುಮಾರು 50 ಡಾಲರಿನಿಂದ 130 ಡಾಲರಿನವರೆಗೆ ಸಿಗುತ್ತದೆ. ನಮ್ಮ ಕೈಗೆ ಬರುವಾಗ ಸಾಗಣೆ, ಸುಂಕ ಎರಡೂ ಸೇರುತ್ತವೆ. ಗಲ್ಫಿನಿಂದ ಊರಿಗೆ ಬರುವ ನೆಂಟರು ಪ್ರತಿ ಮನೆಯಲ್ಲೂ ಇರುವ ಜಿಲ್ಲೆ ನಮ್ಮದು. ಡಬ್ಬಿ ಅಂಗೈಯಗಲದ್ದು, ಹಗುರ, ತರಿಸಿಕೊಳ್ಳುವುದು ಕಷ್ಟವಲ್ಲ.

ಅತಿ ಮೇಲಿನ ಬೆಲೆಯ ಲೈನ್‌ಗಳಲ್ಲಿ ಸಿಗುವುದು ಹೆಚ್ಚು ಜಾರುವ ಹೊದಿಕೆ, ಕಡಿಮೆ ಹಿಗ್ಗುವ ಒಳದಾರ, ಕೆಲವದರಲ್ಲಿ ಉಬ್ಬುತಗ್ಗಿನ ಮೇಲ್ಮೈ. ಉಬ್ಬುತಗ್ಗಿನ ಲೈನ್ ಉಂಗುರಗಳಿಗೆ ಅಂಟುವುದು ಕಡಿಮೆ, ದೂರ ಹೋಗುತ್ತದೆ. ಆದರೆ ಸರ್ ಎಂಬ ಸದ್ದು ಮಾಡುತ್ತದೆ, ಉಪ್ಪುನೀರಿನಲ್ಲಿ ನೆನೆದ ಬೆರಳನ್ನು ಕೊಯ್ಯುತ್ತದೆ. ಬೆರಳಿಗೆ ಬಟ್ಟೆಯ ಕವಚ ಹಾಕಿಕೊಳ್ಳದೆ ಅದನ್ನು ಬಳಸಬೇಡಿ. ಇನ್ನೂ ಕಲಿಯುತ್ತಿರುವವರಿಗೆ ಮಧ್ಯಮ ಬೆಲೆಯ ಟ್ರಾಪಿಕಲ್ ಲೈನ್ ಸಾಕು ಎಂಬುದು ನನ್ನ ದೃಢ ಅಭಿಪ್ರಾಯ. ಮುರಕಲ್ಲಿನ ದಂಡೆ, ಸೇತುವೆಯ ಕಂಬಕ್ಕೆ ಕಚ್ಚಿಕೊಂಡ ಸಿಂಪಿ ಚಿಪ್ಪು, ಇವೆರಡೂ ಯಾವ ಲೈನನ್ನೂ ಬೆಲೆ ನೋಡಿ ಬಿಡುವುದಿಲ್ಲ.

ಹೆಸರೇ ಇಲ್ಲದ, ಡಬ್ಬಿಯ ಮೇಲೆ ಗ್ರೇನ್ ಲೆಕ್ಕವಿಲ್ಲದ ಲೈನನ್ನು ಮಾತ್ರ ಕೊಳ್ಳಬೇಡಿ.

ಬಣ್ಣ?

ನಿಮ್ಮ ಕಣ್ಣಿಗೆ ಚೆನ್ನಾಗಿ ಕಾಣುವುದು. ಮೀನಿನ ಹತ್ತಿರ ಇರುವುದು ಲೀಡರ್, ಲೈನ್ ಅಲ್ಲ.

ಹೊಸ ಲೈನನ್ನು ರೀಲಿಗೆ ಸುತ್ತುವುದು ಹೇಗೆ?

ಮೊದಲು ಬ್ಯಾಕಿಂಗ್, ಅಂದರೆ ಲೈನಿನ ಹಿಂದೆ ಇರುವ ತೆಳು ದಾರ: 20 ಪೌಂಡ್ ಎಳೆತ ತಡೆಯುವ ಡೇಕ್ರಾನ್, ನೂರು ಮೀಟರಿಗಿಂತ ಕಡಿಮೆಯಿಲ್ಲದಂತೆ. ಕೆಂಬೇರಿ ಅಷ್ಟು ದೂರ ಓಡುವ ಮೀನಲ್ಲ, ಆದರೂ ಬ್ಯಾಕಿಂಗ್ ರೀಲನ್ನು ತುಂಬಿಸಿ ಲೈನಿನ ಸುರುಳಿಗಳನ್ನು ದೊಡ್ಡದಾಗಿಡುತ್ತದೆ. ದೊಡ್ಡ ಸುರುಳಿಯಾದಷ್ಟೂ ಲೈನ್ ನೇರವಾಗಿ ಬಿಚ್ಚಿಕೊಳ್ಳುತ್ತದೆ. ಟ್ರೆವಲ್ಲಿ ಜಾತಿಯ ಮೀನು ಅಳಿವೆಗೆ ಬಂದ ದಿನ ಅದೇ ಬ್ಯಾಕಿಂಗ್ ನಿಜಕ್ಕೂ ಬೇಕಾಗುತ್ತದೆ.

ವೇಟ್ ಫಾರ್ವರ್ಡ್ ಲೈನಿನ ತೆಳು ತುದಿ ರೀಲಿನ ಕಡೆಗೆ ಹೋಗಬೇಕು. ಅದರ ಮೇಲೆ ‘ಈ ತುದಿ ರೀಲಿಗೆ’ ಎಂಬರ್ಥದ ಚೀಟಿ ಅಂಟಿಸಿರುತ್ತಾರೆ, ಸುತ್ತಿ ಮುಗಿಯುವವರೆಗೆ ಅದನ್ನು ಕೀಳಬೇಡಿ. ಡಬ್ಬಿಯೊಳಗಿನ ಪ್ಲಾಸ್ಟಿಕ್ ಚಕ್ರವನ್ನು ಒಂದು ಪೆನ್ಸಿಲಿಗೆ ಸಿಕ್ಕಿಸಿ, ಮನೆಯವರೊಬ್ಬರು ಎರಡೂ ಕೈಯಲ್ಲಿ ಹಿಡಿದುಕೊಳ್ಳಲಿ. ಚಕ್ರ ತಿರುಗುತ್ತಾ ಲೈನ್ ಬಿಚ್ಚಬೇಕು. ಚಕ್ರವನ್ನು ನೆಲದ ಮೇಲೆ ಮಲಗಿಸಿ ಬದಿಯಿಂದ ಸುರುಳಿ ಸುರುಳಿಯಾಗಿ ಎಳೆದರೆ ಪ್ರತಿ ಸುತ್ತಿಗೂ ಒಂದು ತಿರುಚು ಸೇರುತ್ತದೆ, ಹೊಸ ಲೈನ್ ಮೊದಲ ದಿನವೇ ಗಂಟು ಬೀಳುತ್ತದೆ. ಬ್ಯಾಕಿಂಗಿಗೆ ಲೈನ್ ಸೇರಿಸಲು ಆಲ್ಬ್ರೈಟ್ ಅಥವಾ ನೈಲ್ ಗಂಟು ಹಾಕಿ. ಮುಂದಿನ ತುದಿಯಲ್ಲಿ ಕಂಪನಿಯೇ ಮಾಡಿದ ಕುಣಿಕೆ ಇದ್ದರೆ ಲೀಡರಿನ ಕುಣಿಕೆಯನ್ನು ಅದಕ್ಕೆ ಸಿಕ್ಕಿಸಿ ಎಳೆದರಾಯಿತು.

ಲೈನಿನ ಜೊತೆ ಲೀಡರನ್ನೂ ಬದಲಿಸಬೇಕೇ?

ಹೌದು, ಇದರಲ್ಲಿ ಒಂದು ಅಪಾಯವಿದೆ, ಗಮನಿಸಿ. ಕಾಳಾಂಜಿಯ ಕಿವಿರಿನ ಮುಚ್ಚಳ ಬ್ಲೇಡಿನಷ್ಟು ಹರಿತ, ಕೆಂಬೇರಿಗೆ ಕೋರೆಹಲ್ಲು ಇದೆ. ಹಾಗಾಗಿ ತುದಿಗೆ 30ರಿಂದ 40 ಪೌಂಡಿನ ದಪ್ಪ ತುಂಡನ್ನು ಕಟ್ಟುವುದು ವಾಡಿಕೆ. ಆದರೆ ಟ್ರಾಪಿಕಲ್ ಲೈನಿನ ಒಳದಾರವೇ ಸಾಮಾನ್ಯವಾಗಿ 30 ಪೌಂಡಿನ ಆಸುಪಾಸು. ಲೀಡರ್ ಉದ್ದಕ್ಕೂ ಅದಕ್ಕಿಂತ ಬಲವಾಗಿದ್ದರೆ, ಬೇರಿಗೆ ಸಿಕ್ಕಿಕೊಂಡು ಎಳೆದಾಗ ತುಂಡಾಗುವುದು ನೀವು ಈಗತಾನೇ ಕೊಂಡ ಲೈನ್. ದಪ್ಪ ತುದಿಗೂ ಲೀಡರಿನ ಬುಡಕ್ಕೂ ನಡುವೆ 16ರಿಂದ 20 ಪೌಂಡಿನ ಒಂದು ತುಂಡನ್ನು ಸೇರಿಸಿ. ತುಂಡಾಗುವುದಾದರೆ ಅದೇ ತುಂಡಾಗಲಿ. ಒಟ್ಟು ಉದ್ದ ಏಳೆಂಟು ಅಡಿ ಸಾಕು, ಇಂಟರ್‌ಮೀಡಿಯೇಟಿಗೆ ಐದಾರು ಅಡಿ.

ಆರೈಕೆ ಹೇಗೆ?

ಉಪ್ಪುನೀರಿನಿಂದ ಬಂದ ದಿನವೇ ಸಿಹಿನೀರಿನಲ್ಲಿ ನೆನೆಸಿ. ಕಡಲ ಬದಿಯ ಬಾವಿಗಳ ನೀರು ಬೇಸಗೆಯಲ್ಲಿ ಉಪ್ಪಾಗುವುದುಂಟು, ರುಚಿ ನೋಡಿಕೊಳ್ಳಿ. ಕೆಲವು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿಗೆ ಮೃದುವಾದ ಸಾಬೂನಿನ ಒಂದೆರಡು ಹನಿ ಹಾಕಿ, ಹತ್ತಿಯ ಬಟ್ಟೆಯಲ್ಲಿ ಲೈನನ್ನು ಹಿಡಿದು ಎಳೆದು ಒರಸಿ, ಚೆನ್ನಾಗಿ ತೊಳೆದು ನೆರಳಿನಲ್ಲಿ ಒಣಗಿಸಿ. ಸೊಳ್ಳೆ ಓಡಿಸುವ ಡೀಟ್ ಎಂಬ ರಾಸಾಯನಿಕ ಇರುವ ಮುಲಾಮು ಪಿವಿಸಿಯನ್ನು ಹಾಳುಮಾಡುತ್ತದೆ. ಕಾಂಡ್ಲಾದ ಬಳಿ ಸಂಜೆ ನಿಲ್ಲುವವರಿಗೆ ಮುಲಾಮು ಬೇಕೇ ಬೇಕು, ಹಾಗಾಗಿ ಅಂಗೈಗೆ ತಾಗದಂತೆ ಮುಂಗೈಯ ಹಿಂಬದಿಯಿಂದ ಹಚ್ಚಿಕೊಳ್ಳಿ. ಬಿಸಿಲಿನ ಕ್ರೀಮು, ಪೆಟ್ರೋಲು, ಸೀಮೆಎಣ್ಣೆಗಳೂ ಹಾಗೆಯೇ. ತೆಂಗಿನೆಣ್ಣೆ ಸವರಿದರೆ ಲೈನ್ ಜಾರುತ್ತದೆ ಎಂಬ ಸಲಹೆ ನಮ್ಮೂರಲ್ಲಿ ಕೇಳಿಬರುತ್ತದೆ. ಬೇಡ, ಮರಳೂ ಧೂಳೂ ಅಂಟಿ ಉಂಗುರಗಳನ್ನೂ ಲೈನನ್ನೂ ಸವೆಸುತ್ತವೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ರೀಲ್ ಬಿಟ್ಟುಹೋಗಬೇಡಿ.

ಮಳೆಗಾಲದಲ್ಲಿ ಲೈನನ್ನು ಏನು ಮಾಡುವುದು?

ರೀಲಿನಿಂದ ಬಿಚ್ಚಿ, ಒರಸಿ, ದೊಡ್ಡ ಸುರುಳಿಯಾಗಿ ಮಾಡಿ ಒಣ ಜಾಗದಲ್ಲಿ ತೂಗುಹಾಕಿ. ಜೂನ್ ಆರಂಭದ ಮಳೆಗೆ ತೋಡು, ಗದ್ದೆಗಳಿಗೆ ಮೊಟ್ಟೆಯಿಡಲು ಹತ್ತಿ ಬರುವ ಮೀನುಗಳನ್ನು ಹಿಡಿಯುವುದು ಕೇರಳದಲ್ಲಿ ನಿಷಿದ್ಧ. ನಿಷೇಧವಿಲ್ಲದಿದ್ದರೂ ಹಿಡಿಯಬಾರದು, ಮುಂದಿನ ವರ್ಷದ ಮೀನು ಅವುಗಳ ಹೊಟ್ಟೆಯಲ್ಲಿದೆ.

ನೀಲಗಿರಿಯ ಟ್ರೌಟಿಗೆ ಹೋಗುವಾಗ ಇದೇ ಲೈನ್ ನಡೆಯುತ್ತದೆಯೇ?

ನಡೆಯುವುದಿಲ್ಲ. ಅವಲಾಂಚಿಯ ಚಳಿನೀರಿನಲ್ಲಿ ಟ್ರಾಪಿಕಲ್ ಲೈನ್ ಸುರುಳಿ ಬಿಡದೆ ಸೆಟೆದುಕೊಳ್ಳುತ್ತದೆ, ಜೊತೆಗೆ 8ನೇ ಸಂಖ್ಯೆ ಅಲ್ಲಿನ ಮೀನಿಗೆ ತೀರ ಹೆಚ್ಚು. ಸೆಟ್ಟಿನ ಜೊತೆ ಬಂದ ಆ ಹಳೆಯ ಮೆತ್ತನೆಯ 5ನೇ ಸಂಖ್ಯೆಯ ಲೈನ್ ಇನ್ನೂ ಚೆನ್ನಾಗಿದ್ದರೆ ಅಲ್ಲಿಗೆ ಅದೇ ಸರಿ. ಅರಣ್ಯದೊಳಗೆ ಹೋಗಲು ಅನುಮತಿ ಮೊದಲೇ ಪಡೆದಿರಬೇಕು.

ಕೆಟ್ಟುಹೋದ ಹಳೆಯ ಲೈನನ್ನು ಎಸೆಯಬಹುದೇ?

ಹೊಳೆಗೆ, ದಂಡೆಗೆ ಎಂದಿಗೂ ಬೇಡ. ಆಮೆ, ನೀರುಕಾಗೆಗಳ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರಿಲ್ಲ. ಸುಡುವುದೂ ಬೇಡ, ಪಿವಿಸಿಯ ಹೊಗೆ ವಿಷ. ತುದಿಯ ಹಾಳಾದ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ಕೊಯ್ಲು ಮುಗಿದ ಗದ್ದೆಯಲ್ಲಿ ಬೀಸಿ ಕಲಿಯುವ ಮಕ್ಕಳಿಗೆ ಕೊಡಿ. ಅದಕ್ಕೂ ಆಗದಷ್ಟು ಸವೆದಿದ್ದರೆ ಚಿಕ್ಕ ಚಿಕ್ಕ ತುಂಡು ಮಾಡಿ, ಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ಹಸಿರು ಕರ್ಮಸೇನೆಯವರು ಬಂದಾಗ ಅವರ ಚೀಲಕ್ಕೆ ಹಾಕಿ.